ಬಣ್ಣ ಹೋದ ಮಾತ್ರಕ್ಕೆ ವಿಷ ಹೋಗುವುದಿಲ್ಲ

ಮಾನ್ಯರೇ,

ನಮ್ಮ ತಾಲ್ಲೂಕಿನ ಕೆರೆಯೊಂದರ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ವರದಿ ಬಂದಿತ್ತು. ನೂಲಿಗೆ ಬಣ್ಣ ಹಾಕುವ ಡೈಯಿಂಗ್ ಯೂನಿಟ್‌ಗಳಿಂದ ಬರುವ ನೀರಿನಲ್ಲಿ ಈಗ ಬಣ್ಣ ಕಾಣುತ್ತಿಲ್ಲ, ಹಾಗಾಗಿ ತೊಂದರೆ ಬಹುಪಾಲು ಕಳೆಯಿತು ಎಂದು ಬರೆದಿದ್ದರು. 28 ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವನು ನಾನು. ಅದನ್ನು ಓದಿ ಸುಮ್ನೆ ಕೂರಲು ಆಗಲಿಲ್ಲ.

ಕೆಲವು ವರ್ಷಗಳ ಹಿಂದೆ ಪರಿಚಯದವರ ಒಂದು ಸಣ್ಣ ಯೂನಿಟ್‌ಗೆ ಹೋಗಿದ್ದೆ. ಹಿತ್ತಲಲ್ಲಿ ಎರಡು ಸಿಮೆಂಟ್ ತೊಟ್ಟಿ. ಎರಡರಲ್ಲೂ ನೂಲಿಗೆ ಬಣ್ಣ ಹಾಕಿ ಉಳಿದ ನೀರು, ದಾಸವಾಳದಂಥ ಕೆಂಪು. ಮಾಲೀಕರು ನನ್ನೆದುರೇ ಪ್ಲಾಸ್ಟಿಕ್ ಮಗ್‌ನಲ್ಲಿ ಬ್ಲೀಚಿಂಗ್ ಪೌಡರ್ ತಂದು ಒಂದು ತೊಟ್ಟಿಗೆ ಸುರಿದು, ಕೋಲಿನಲ್ಲಿ ತಿರುವಿದರು. ನೋಡನೋಡುತ್ತಲೇ ಕೆಂಪು ಹಳದಿಯಾಯಿತು, ಆಮೇಲೆ ಅಕ್ಕಿ ತೊಳೆದ ನೀರಿನ ಹಾಗಾಯಿತು. "ನೋಡಿ ಮೇಷ್ಟ್ರೇ, ಇನ್ನೇನು ಬೇಕು?" ಅಂದರು. ಮೋಸ ಮಾಡುವ ಮನುಷ್ಯ ಅಲ್ಲ ಅವರು. ನೀರು ಶುದ್ಧವಾಯಿತು ಅಂತ ನಿಜವಾಗಿಯೂ ನಂಬಿದ್ದರು.

ಎರಡೂ ತೊಟ್ಟಿಗಳಿಂದ ಒಂದೊಂದು ಕ್ಯಾನ್ ತುಂಬಿಸಿಕೊಂಡು ಲ್ಯಾಬ್‌ಗೆ ತಂದೆ. ಮೂರು ಗಾಜಿನ ತೊಟ್ಟಿ ಇಟ್ಟೆವು. ಒಂದರಲ್ಲಿ ಕೆಂಪು ನೀರು, ಒಂದರಲ್ಲಿ ಬ್ಲೀಚ್ ಹಾಕಿದ ನೀರು, ಇನ್ನೊಂದರಲ್ಲಿ ಬೋರ್‌ವೆಲ್ ನೀರು. ಪ್ರತಿಯೊಂದಕ್ಕೂ 10 ಗಪ್ಪಿ ಮೀನು ಬಿಟ್ಟೆವು. ಬ್ಲೀಚ್ ನೀರಿನ ಮೀನುಗಳು ಐದೇ ನಿಮಿಷಕ್ಕೆ ಮೇಲೆ ಬಂದು ಬಾಯಿ ತೆರೆದು ಒದ್ದಾಡತೊಡಗಿದವು. ಕಿವಿರು ಪಟಪಟ ಬಡಿಯುತ್ತಿತ್ತು. ಒಂದಂತೂ ಅಡ್ಡ ಬಿದ್ದು ಗಿರಗಿರನೆ ಸುತ್ತುತ್ತಾ ತಳ ಸೇರಿತು. ಮುಂದಿನ ಪೀರಿಯಡ್‌ನ ಗಂಟೆ ಹೊಡೆಯುವಷ್ಟರಲ್ಲಿ ಹತ್ತೂ ಸತ್ತಿದ್ದವು. ಕೆಂಪು ನೀರಿನಲ್ಲಿ ಮರುದಿನ ಬೆಳಿಗ್ಗೆ ಏಳು ಬದುಕಿದ್ದವು, ಬೋರ್‌ವೆಲ್ ನೀರಿನಲ್ಲಿ ಎಲ್ಲವೂ. ಅದು ತರಗತಿಯ ಒಂದು ಪ್ರಯೋಗ ಅಷ್ಟೇ, ಅದನ್ನೇ ಹಿಡಿದು ಎಲ್ಲ ಯೂನಿಟ್‌ಗಳ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ. ಆದರೆ ಆ ತಿಳಿನೀರನ್ನು ನಾನು ಇವತ್ತಿಗೂ ಮರೆತಿಲ್ಲ.

ಕಾರಣ ಕಷ್ಟದ್ದೇನಲ್ಲ. ಬ್ಲೀಚ್‌ನಲ್ಲಿರುವ ಕ್ಲೋರಿನ್ ಮೀನಿನ ಕಿವಿರನ್ನೇ ಸುಡುತ್ತದೆ. ಇನ್ನು ಬಟ್ಟೆಗೆ ಹಾಕುವ ಬಣ್ಣಗಳಲ್ಲಿ ಅಜೋ ಜಾತಿಯವೇ ಜಾಸ್ತಿ. ಇವು ಆಮ್ಲಜನಕ ಇಲ್ಲದ ಕೆರೆಯ ಕೆಸರಿಗೆ ಸೇರಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಮುರಿಯುತ್ತವೆ. ಆಗ ಬಣ್ಣ ಹೋಗುತ್ತದೆ, ಆರೊಮ್ಯಾಟಿಕ್ ಅಮೈನ್ ಎಂಬ ವಸ್ತುಗಳು ಉಳಿಯುತ್ತವೆ. ಅವುಗಳಲ್ಲಿ ಬೆಂಜಿಡಿನ್‌ನಂಥವು ಕ್ಯಾನ್ಸರ್ ತರುವಂಥವು. ಅದಕ್ಕೇ ಬೆಂಜಿಡಿನ್ ಮೂಲದ ಬಣ್ಣಗಳನ್ನು ನಮ್ಮ ದೇಶದಲ್ಲಿ 1990ರ ದಶಕದಲ್ಲೇ ನಿಷೇಧಿಸಿದರು. ಅಂದರೆ ಬಣ್ಣ ಮಾಯವಾದ ಹೊತ್ತಿಗೇ ವಿಷ ಹೆಚ್ಚಿರಲೂಬಹುದು.

ಹಾಗಂತ ಬಣ್ಣವೆಲ್ಲ ವಿಷ ಅನ್ನುವುದೂ ತಪ್ಪು. ಹತ್ತಿಗೆ ಹಾಕುವ ಎಷ್ಟೋ ರಿಯಾಕ್ಟಿವ್ ಬಣ್ಣಗಳು ಲೀಟರ್‌ಗೆ 100 ಮಿಲಿಗ್ರಾಂ ಇದ್ದರೂ ಮೀನು ತಡೆದುಕೊಳ್ಳುತ್ತದೆ. ಮಲಾಕೈಟ್ ಗ್ರೀನ್‌ನಂಥ, 'ಬೇಸಿಕ್' ಅನ್ನುವ ಜಾತಿಯ ಬಣ್ಣ ಹಾಗಲ್ಲ. ಲೀಟರ್‌ಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ಹಲವು ಜಾತಿಯ ಮೀನುಗಳಲ್ಲಿ ಅರ್ಧಕ್ಕರ್ಧ ಸಾಯುತ್ತವೆ. ರಿಯಾಕ್ಟಿವ್ ಬಣ್ಣದ ಜೊತೆಗೆ ರಾಶಿ ಉಪ್ಪೂ ಬರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಅರ್ಕಾವತಿಯ ಹಾಗೆಯೇ ಕಾವೇರಿ ಸೇರುವ ತಮಿಳುನಾಡಿನ ನೊಯ್ಯಲ್ ನದಿಯನ್ನು ತಿರುಪ್ಪೂರಿನಲ್ಲಿ ಹಾಳು ಮಾಡಿದ್ದರಲ್ಲಿ ಈ ಉಪ್ಪಿನ ಪಾಲು ದೊಡ್ಡದು. ಅಲ್ಲಿ 2011ರಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಯೂನಿಟ್‌ಗಳನ್ನೇ ಮುಚ್ಚಿಸಬೇಕಾಯಿತು. ಸಾವಿರಾರು ಜನರ ಕೂಲಿ ನಿಂತಿತು. ನಮ್ಮ ನೇಕಾರರಿಗೆ ಆ ಗತಿ ಬರಬಾರದು ಅಂತಲೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಹಾಗಾದರೆ ನೀರು ಸರಿಯಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಬಣ್ಣ, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ), ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಒಡೆಯಲು ಬೇಕಾಗುವ ಆಮ್ಲಜನಕ) ಅಳೆಯಬೇಕು, ನಿಜ. ಆದರೆ ಬಣ್ಣ, ಉಪ್ಪು, ಕ್ಲೋರಿನ್, ಸೋಪು ಎಲ್ಲ ಸೇರಿದಾಗ ಜೀವಕ್ಕೆ ಏನಾಗುತ್ತದೆ ಅನ್ನುವುದನ್ನು ಆ ಅಂಕಿಗಳು ಹೇಳುವುದಿಲ್ಲ, ಅದನ್ನು ಮೀನನ್ನೇ ಕೇಳಬೇಕು. ಇದು ನನ್ನ ಹೊಸ ಐಡಿಯಾ ಏನಲ್ಲ. 1986ರ ಪರಿಸರ (ಸಂರಕ್ಷಣೆ) ನಿಯಮಗಳ ಆರನೇ ಅನುಸೂಚಿಯ ಸಾಮಾನ್ಯ ಮಾನದಂಡಗಳಲ್ಲೇ ಇದೆ: ಹೊರಬಿಡುವ ನೀರಿನಲ್ಲಿ, ಒಂದು ಹನಿಯೂ ಬೇರೆ ನೀರು ಬೆರೆಸದೆ, 96 ಗಂಟೆ ಇಟ್ಟರೆ 90% ಮೀನು ಬದುಕಿರಬೇಕು. ನಾಲ್ಕು ದಿನ, ಹತ್ತಕ್ಕೆ ಒಂಬತ್ತು. ಯಾರಿಗೆ ಹೇಳಿದರೂ ಅರ್ಥವಾಗುವ ಪರೀಕ್ಷೆ ಅಲ್ವಾ? ಇದನ್ನು ಹೇಗೆ ಮಾಡಬೇಕು ಅಂತ ಭಾರತೀಯ ಮಾನಕ ಬ್ಯೂರೋದ ಐಎಸ್ 6582 ಕೂಡ ಇದೆ, ಜೀಬ್ರಾ ಮೀನು ಬಳಸುವ ವಿಧಾನದ ಸಮೇತ.

ಮಾಡುವಾಗ ಮಾತ್ರ ಶಿಸ್ತು ಬೇಕು. ಮೀನುಗಳನ್ನು ಮೊದಲೇ ತಂದು ಲ್ಯಾಬ್‌ನ ನೀರಿಗೆ ಒಗ್ಗಿಸಬೇಕು. ಪರೀಕ್ಷೆ ನಡೆಯುವಾಗ ಮೇವು ಹಾಕಬಾರದು. ನೀರಿನ ಬಿಸಿ, ಕರಗಿದ ಆಮ್ಲಜನಕ ನೋಡುತ್ತಿರಬೇಕು. 24, 48, 72, 96ನೇ ಗಂಟೆಗೆ ಸತ್ತವನ್ನು ಎಣಿಸಿ ತೆಗೆಯಬೇಕು. ಪಕ್ಕದಲ್ಲಿ ಒಳ್ಳೆ ನೀರಿನ ತೊಟ್ಟಿ ಇರಲೇಬೇಕು, ಅಲ್ಲೂ ಮೀನು ಸಾಯುತ್ತಿದ್ದರೆ ತಪ್ಪು ಮೀನಿನದೋ ನಮ್ಮದೋ ಎಂದು ಮೊದಲು ನೋಡಿ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಮಾದರಿ ತೆಗೆಯುವುದು ಇನ್ನೂ ಮುಖ್ಯ. ಕೆಂಪು ಹಾಕಿದ ದಿನದ ನೀರು ಬೇರೆ, ಕಪ್ಪು ಹಾಕಿದ ದಿನದ್ದು ಬೇರೆ. ಯೂನಿಟ್ ರಜೆ ಇದ್ದ ದಿನ ಹೋಗಿ ಒಂದು ಬಾಟಲಿ ತುಂಬಿಸಿಕೊಂಡು ಬಂದರೆ ಏನು ಪ್ರಯೋಜನ?

ಕೆಲವರು ಕೇಳುತ್ತಾರೆ, ಕೆರೆಯಲ್ಲಿ ಮೀನು ಇದೆಯಲ್ಲ ಮೇಷ್ಟ್ರೇ ಅಂತ. ಯಾವ ಮೀನು ಅಂತ ನೋಡಿ. ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಶ್. ಜಿಲೇಬಿ ಎಂಥ ನೀರಿಗೂ ಹೊಂದಿಕೊಳ್ಳುತ್ತದೆ, ಕ್ಯಾಟ್‌ಫಿಶ್ ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಅವು ಬದುಕಿವೆ ಅಂದರೆ ಕೆರೆ ಚೆನ್ನಾಗಿದೆ ಅಂತಲ್ಲ. ನಮ್ಮ ಲ್ಯಾಬ್‌ನಲ್ಲಿ ಸತ್ತ ಗಪ್ಪಿಯೂ ಗಟ್ಟಿ ಜೀವವೇ, ಸೊಳ್ಳೆ ಮರಿ ತಿನ್ನಲಿ ಅಂತ ಚರಂಡಿಗೂ ಬಿಡುವ ಮೀನು ಅದು.

ನಾಲ್ಕು ದಿನ ಬದುಕಿದ ಮಾತ್ರಕ್ಕೂ ಎಲ್ಲ ಸರಿ ಅನ್ನಲಾಗದು. ಮೀನು ಬದುಕಿದರೂ ಮೊಟ್ಟೆ ಒಡೆಯದೆ ಹೋಗಬಹುದು. ಮೀನಿನ ಮರಿಗಳಿಗೆ ಆಹಾರವಾಗುವ ಡ್ಯಾಫ್ನಿಯಾ ಎಂಬ ಪುಟ್ಟ ಜೀವಿ ಇದೆ, ನೀರುಚಿಗಟ ಅಂತಲೂ ಕರೆಯುತ್ತಾರೆ. ಅದಕ್ಕೆ 48 ಗಂಟೆಯ ಪರೀಕ್ಷೆ, ಪಾಚಿಗೆ 72 ಗಂಟೆಯದು, ಎರಡೂ ಜಗತ್ತಿನ ಎಲ್ಲ ಕಡೆ ನಡೆಯುತ್ತವೆ. ನೀರು ಬಣ್ಣವಾಗಿದ್ದರೆ ಬಿಸಿಲು ಒಳಗೆ ಇಳಿಯದೆ ಪಾಚಿ ಸೊರಗುತ್ತದೆ, ಪಾಚಿ ಸೊರಗಿದರೆ ಕೆರೆಗೆ ಆಮ್ಲಜನಕ ಎಲ್ಲಿಂದ ಬರಬೇಕು? ಮೀನನ್ನು ಕೊಲ್ಲುವುದು ಬೇಡ ಅನ್ನುವವರ ಮಾತೂ ನನಗೆ ಒಪ್ಪಿಗೆಯೇ. ಅದಕ್ಕೆ ಜೀಬ್ರಾ ಮೀನಿನ ಮೊಟ್ಟೆಯ ಭ್ರೂಣದಲ್ಲೇ ನೋಡುವ ವಿಧಾನ 2013ರಿಂದ ಇದೆ.

ನಾನು ಕೇಳುವುದು ಇಷ್ಟೇ. ನಮ್ಮ ಕೆರೆಗೆ ನೀರು ಬಿಡುವ ಕಡೆಯಲ್ಲೆಲ್ಲ ಮೀನಿನ ಪರೀಕ್ಷೆ ತಿಂಗಳಿಗೊಮ್ಮೆ ಆಗಲಿ, ಹತ್ತಕ್ಕೆ ಎಷ್ಟು ಬದುಕಿದವು ಅನ್ನುವುದನ್ನು ಗ್ರಾಮ ಪಂಚಾಯಿತಿಯ ಬೋರ್ಡ್ ಮೇಲೆ ಬರೆಯಲಿ. ಸಣ್ಣ ಯೂನಿಟ್‌ನವರು ಒಬ್ಬೊಬ್ಬರೇ ಶುದ್ಧೀಕರಣ ಘಟಕ ಕಟ್ಟಿಕೊಳ್ಳಲು ಆಗುವುದಿಲ್ಲ, ಸರ್ಕಾರ ಹಣ ಹಾಕಿ ಎಲ್ಲರಿಗೂ ಸೇರಿ ಒಂದು ಕಟ್ಟಿಕೊಡಲಿ. ಬ್ಲೀಚ್ ಸುರಿಯುವ ಆ ಮಾಲೀಕರಿಗೆ ಬೇರೆ ದಾರಿಯನ್ನು ಯಾರೂ ತೋರಿಸಿಯೇ ಇರಲಿಲ್ಲ.

ಗಾಜಿನ ತೊಟ್ಟಿಗಳು ಈಗಲೂ ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿವೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಮಾದರಿ ತೆಗೆಯುವ ದಿನ ಹೇಳಿದರೆ ಸಾಕು, ವಿದ್ಯಾರ್ಥಿಗಳ ಜೊತೆ ನಾನೂ ಬಂದು ನಾಲ್ಕು ದಿನ ಕೂತು ಮೀನು ಎಣಿಸಿಕೊಡುತ್ತೇನೆ.

– ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ, ದೊಡ್ಡಬಳ್ಳಾಪುರ ತಾಲ್ಲೂಕು