ಅವ್ವನ ವರ್ಷದ ಪುಣ್ಯಸ್ಮರಣೆ: ಭಾನುವಾರ ತಪ್ಪದೆ ಬನ್ನಿ

ಗುಂಪಿನ ಹಿರಿಯರಿಗೂ ಅಣ್ಣ-ತಮ್ಮ, ಅಕ್ಕ-ತಂಗಿಯರಿಗೂ ಶರಣು ಶರಣಾರ್ಥಿ.

ಅವ್ವ ಹೋಗಿ ಈ ಭಾನುವಾರಕ್ಕೆ ಒಂದು ವರ್ಷ. ದಾವಣಗೆರೆ ನಿಟುವಳ್ಳಿ ಮನೆಯಲ್ಲಿ ಬೆಳಿಗ್ಗೆ 10ಕ್ಕೆ ಪೂಜೆ, 12.30ಕ್ಕೆ ಪ್ರಸಾದ. ಚಿತ್ರದುರ್ಗದವರು 8ರೊಳಗೆ ಬಸ್ ಹತ್ತಿಬಿಡಿ.

ಹತ್ತಿ ಮಿಲ್ಲು ಮುಚ್ಚಿ ಅಪ್ಪನ ಕೆಲಸ ಹೋದ ಮೇಲೆ ಜೋಳದ ರೊಟ್ಟಿ ಬಡಿದು ಮಾರಿ ನಮ್ಮೈವರನ್ನೂ ಓದಿಸಿದವಳು ಅವ್ವ. ನಸುಕಿನ 4ಕ್ಕೆ ಆ ಪಟಪಟ ಸದ್ದಿಗೇ ನಮಗೆ ಎಚ್ಚರವಾಗುತ್ತಿತ್ತು. ಹೆಬ್ಬೆರಳ ತುದಿ ಸುಟ್ಟು ಸುಟ್ಟು ಗಟ್ಟಿಯಾಗಿತ್ತು. ಅದೇ ಬೆರಳಲ್ಲಿ ಮೊಮ್ಮಕ್ಕಳಿಗೆ ಬೆಣ್ಣೆ ನೆಕ್ಕಿಸುತ್ತಿದ್ದಳು. ಇದನ್ನು ಮಕ್ಕಳೇ ಹೇಳಬೇಕು ಅಂತ ನನ್ನಾಸೆ: ಮೊಮ್ಮಕ್ಕಳೆಲ್ಲ ಅಜ್ಜಿ ಬಗ್ಗೆ ಎರಡೆರಡು ಮಾತು ಆಡಲಿ. ಬರಲಾಗದವರು ವಾಯ್ಸ್ ಮೆಸೇಜ್ ಕಳಿಸಿ.

ಅವ್ವ ಒಲೆ ಮುಂದೆ ಕೂತಿರುವ ಫೋಟೊ ಯಾರ ಹತ್ರವಾದ್ರೂ ಇದ್ರೆ ಇಲ್ಲಿ ಹಾಕಿ. ನನ್ನ ಬಳಿ ಇರೋದೆಲ್ಲ ಮದುವೆ ಮನೆಯವು.

ಹಾರ ನಾನೇ ತರ್ತೀನಿ. ನೀವು ಮನೆಗೊಂದು ಸೇರು ಜೋಳ ತನ್ನಿ. ಅವ್ವನ ಜೊತೆ ರೊಟ್ಟಿ ಬಡಿಯುತ್ತಿದ್ದ ಓಣಿಯ ಇಬ್ಬರು ಅಜ್ಜಿಯರಿಗೆ ಕೊಡೋಣ.

ಎಷ್ಟು ಜನ ಬರ್ತೀರಿ ಅಂತ ಶುಕ್ರವಾರ ರಾತ್ರಿಯೊಳಗೆ ತಿಳಿಸಿ, ಅಡುಗೆಯವರಿಗೆ ಹೇಳಬೇಕು. ಹಾಗೇ, ಅವ್ವನ ರೊಟ್ಟಿ ಹಂಚು ಯಾರ ಮನೆಯಲ್ಲಿದೆ? ದಯವಿಟ್ಟು ಅವತ್ತು ತನ್ನಿ, ಫೋಟೊ ಪಕ್ಕ ಇಡೋಣ.