ಆವಣಿಯವರೆಲ್ಲ ನಮ್ಮವರಲ್ಲ

ಮುಳಬಾಗಿಲು

ಚಿರಂಜೀವಿಯಾದ ಮಗುವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನಿನ್ನ ಕಾಗದ ತಲುಪಿತು. ಹಳೆಯ ದಿನಪತ್ರಿಕೆ, ಮಾಸಪತ್ರಿಕೆಗಳ ಸ್ಕ್ಯಾನ್ ಪ್ರತಿಗಳನ್ನು ಜಾಲಾಡಿ, ಹೆಸರಿನ ಮುಂದೆ ನಮ್ಮೂರು ‘ಆವಣಿ’ ಎಂದಿರುವ ಏಳು ಮಂದಿಯನ್ನು ಪಟ್ಟಿ ಮಾಡಿ, ಇವರನ್ನು ನಮ್ಮ ವಂಶಾವಳಿಯಲ್ಲಿ ಎಲ್ಲಿ ಸೇರಿಸಲಿ ಎಂದು ಕೇಳಿದ್ದೀಯೆ. ನಿನ್ನ ಶ್ರದ್ಧೆ ಕಂಡು ಮನಸ್ಸು ತುಂಬಿತು. ಆದರೆ ಸದ್ಯಕ್ಕೆ ಅವರಲ್ಲಿ ಒಬ್ಬರನ್ನೂ ಸೇರಿಸಬೇಡ.

ನಮ್ಮ ಸೀಮೆಯಲ್ಲಿ ಹೆಸರಿನ ಮೊದಲಿಗೆ ಬರುವುದು ಬಹುಮಟ್ಟಿಗೆ ಊರು, ಅದರ ಹಿಂದೆ ತಂದೆಯ ಹೆಸರು. ಆವಣಿ ಬಿಟ್ಟು ಬೇರೆ ಊರು ಸೇರಿದವರು, ಯಾವ ಕುಲದವರೇ ಆಗಿರಲಿ, ಅಲ್ಲಿ ಆವಣಿಯವರೆಂದೇ ಕರೆಸಿಕೊಂಡರು. ಬರೀ ಇನಿಷಿಯಲ್ ಅಚ್ಚಾಗಿದ್ದರಂತೂ ಇನ್ನೂ ಕಷ್ಟ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ. ಆದರೂ ಅವರ ‘ಎಂ.’ ಮುದ್ದೇನಹಳ್ಳಿಯಲ್ಲ, ಹಿರಿಯರು ಬಿಟ್ಟುಬಂದ, ಈಗ ಆಂಧ್ರಕ್ಕೆ ಸೇರಿದ ಮೋಕ್ಷಗುಂಡಂ. ನಮ್ಮ ಮುಳಬಾಗಿಲಿನಲ್ಲೇ 1887ರಲ್ಲಿ ಹುಟ್ಟಿದ ಸಾಹಿತಿ ಡಿ.ವಿ. ಗುಂಡಪ್ಪನವರ ‘ಡಿ.’ ಎಂದರೆ ದೇವನಹಳ್ಳಿ. ಎಲ್ಲರೂ ಬಲ್ಲ ಇಂಥವರ ವಿಷಯದಲ್ಲೇ ಊಹೆ ತಪ್ಪುವುದಾದರೆ, ಮೂಲೆಯ ಎರಡು ಸಾಲಿನ ವರದಿಯಲ್ಲಿ ಕಂಡ ‘ಎ.’ ಆವಣಿಯೋ ಆನೇಕಲ್ಲೋ ಅರಸೀಕೆರೆಯೋ ಎಂದು ನೀನು ಹೇಗೆ ನಿರ್ಧರಿಸುತ್ತೀಯೆ?

ಈ ತಪ್ಪನ್ನು ನಾನೇ ಮಾಡಿದ್ದೇನೆ. ಹರೆಯದಲ್ಲಿ ಒಂದು ಹಳೆಯ ಪತ್ರಿಕೆಯಲ್ಲಿ ನಮ್ಮದೇ ಊರು, ನಮ್ಮ ಮುತ್ತಜ್ಜನದೇ ಹೆಸರು ಇರುವ ಉಪಾಧ್ಯಾಯರೊಬ್ಬರ ಭಾವಚಿತ್ರ ಕಂಡು, ಅದನ್ನು ಕತ್ತರಿಸಿ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆ. ನಿನ್ನ ಅಜ್ಜಿ ಆರು ವರ್ಷ ಅದಕ್ಕೆ ಹೂ ಮುಡಿಸಿದರು. ಆಮೇಲೆ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕ ಕ್ರಯಪತ್ರದಲ್ಲಿ ಮುತ್ತಜ್ಜನ ಹೆಬ್ಬೆಟ್ಟಿನ ಗುರುತೂ ಅವರ ತಂದೆಯ ಹೆಸರೂ ಇದ್ದವು. ಓದುಬರಹ ಬಾರದವರು ಉಪಾಧ್ಯಾಯರಾಗುವುದಾದರೂ ಹೇಗೆ? ಚಿತ್ರ ಇಳಿಸಿದಾಗ ಗೋಡೆಯಲ್ಲಿ ಅದರ ಅಳತೆಗೇ ಬೆಳ್ಳಗೆ ಒಂದು ಚೌಕ ಉಳಿದಿತ್ತು. ಆ ಉಪಾಧ್ಯಾಯರ ಸ್ವಂತ ಮೊಮ್ಮಕ್ಕಳಿಗೆ ಸಲ್ಲಬೇಕಾದ ಹಿರಿಯರನ್ನು ಅಷ್ಟು ವರ್ಷ ನಾವು ಇಟ್ಟುಕೊಂಡಿದ್ದೆವಲ್ಲ ಎಂದು ನನಗೆ ಇಂದಿಗೂ ನೋವಾಗುತ್ತದೆ.

ಇನ್ನೊಂದು ವಿಷಯ. ‘ಕೋಲಾರ ಜಿಲ್ಲೆಯವರು’ ಎಂದು ಹಳೆಯ ಸಂಚಿಕೆಯಲ್ಲಿದ್ದರೆ ಅದು ಬಾಗೇಪಲ್ಲಿಯೂ ಆಗಬಹುದು, ಗೌರಿಬಿದನೂರೂ ಆಗಬಹುದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಈಗ ಆ ಹೊಸ ಜಿಲ್ಲೆಗೆ ಸೇರಿದ ವಿದುರಾಶ್ವತ್ಥದಲ್ಲಿ 1938ರಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಮೇಲೆ ಗೋಲಿಬಾರು ನಡೆದದ್ದೂ ಅಂದಿನ ಕೋಲಾರ ಜಿಲ್ಲೆಯಲ್ಲಿಯೇ.

ಎಲ್ಲಕ್ಕಿಂತ ಮುಖ್ಯವಾಗಿ, ನಿನ್ನ ಪಟ್ಟಿಯ ಏಳು ಮಂದಿಯೂ ಗಂಡಸರು ಎಂಬುದನ್ನು ಗಮನಿಸಿದೆಯಾ? ಮದುವೆಯಾದ ಹೆಣ್ಣುಮಗಳ ಇನಿಷಿಯಲ್ ಗಂಡನ ಮನೆಗೆ ತಕ್ಕಂತೆ ಬದಲಾಗುತ್ತಿತ್ತು. ಎಷ್ಟೋ ವರದಿಗಳಲ್ಲಿ ಅವಳು ಇಂಥವರ ಧರ್ಮಪತ್ನಿ ಮಾತ್ರ. ನನ್ನ ಸೋದರತ್ತೆಯರಿಬ್ಬರು ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದವರು, ಆದರೆ ‘ಆವಣಿ’ ಎಂದು ನೀನು ಎಷ್ಟು ಹುಡುಕಿದರೂ ಅವರು ಸಿಗುವುದಿಲ್ಲ. ಅವರನ್ನು ಕೊಟ್ಟ ಊರುಗಳ ಹೆಸರಿನಿಂದ, ಅವರ ಗಂಡಂದಿರ ಹೆಸರಿನಿಂದ ಹುಡುಕು. ಹೆಸರೊಂದೇ ಹೊಂದಿದ ಆ ಏಳು ಮಂದಿಗಿಂತ ಅವರು ನಮಗೆ ಹತ್ತಿರದವರು.

ತಂದೆಯ ಹೆಸರು, ಕಸುಬು, ಜಮೀನು ಇವುಗಳಲ್ಲಿ ಎರಡಾದರೂ ಬೇರೆ ದಾಖಲೆಯೊಂದಿಗೆ ತಾಳೆಯಾಗುವವರೆಗೆ ಆ ಏಳು ಹೆಸರುಗಳು ಪ್ರತ್ಯೇಕ ಹಾಳೆಯಲ್ಲೇ ಇರಲಿ, ಹರಿದೂ ಹಾಕಬೇಡ. ಪ್ರತಿಯೊಂದರ ಪಕ್ಕದಲ್ಲಿ ಪತ್ರಿಕೆಯ ಹೆಸರು, ಸಂಚಿಕೆಯ ದಿನಾಂಕ, ಪುಟಸಂಖ್ಯೆಗಳನ್ನು ಬರೆದುಕೊಂಡು ಯುಗಾದಿಗೆ ಬಾ. ಕ್ರಯಪತ್ರಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿಟ್ಟಿರುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ