ಗ್ರಿನ್‌ಜಿಂಗ್‌ಗೆ ಹೋದರೆ

ಮೈಸೂರು, ಭಾನುವಾರ

ಪ್ರೀತಿಯ ಪುಟ್ಟೀ,

ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಆಫೀಸು ಮುಗಿಸಿ ಹೋಗಿ, ವಿಯೆನ್ನಾದ ಒಪೇರಾ ಮನೆಯಲ್ಲಿ ಮೂರು ಗಂಟೆ ನಿಂತುಕೊಂಡೇ ನೋಡಿದೆಯಂತೆ. ಖುಷಿಯಾಯಿತು. ಆದರೆ ಕೊನೆಯಲ್ಲಿ ಸುಮ್ನೆ ಒಂದು ಮಾತು ಎಸೆದೆಯಲ್ಲ, "ಪಿಟೀಲು ಮುಟ್ಟಿ ಐದು ತಿಂಗಳಾಯ್ತಮ್ಮ, ಟೈಮೇ ಇಲ್ಲ" ಅಂತ. ಅದಕ್ಕೇ ಈ ಕಾಗದ. ಬೈಯೋದಕ್ಕಲ್ಲ, ಹೆದರಬೇಡ.

ನೀನು ನಿಂತಿದ್ದ ಆ ಒಪೇರಾಕ್ಕೆ 1897ರಿಂದ ಹತ್ತು ವರ್ಷ ನಿರ್ದೇಶಕನಾಗಿದ್ದವನು ಗುಸ್ತಾವ್ ಮಾಲರ್, ಸಂಗೀತ ರಚನಕಾರ, ಕಂಡಕ್ಟರ್ ಕೂಡ. ನೀನು ಆ ಊರಿಗೆ ಹೋದ ಮೇಲೆ ನಾನು ಅವನ ಹಿಂದೆ ಬಿದ್ದಿದ್ದೇನೆ. ಮೊದಲು ಕಂಡಕ್ಟರ್ ಅಂದರೆ ನನಗೆ ಬಸ್ಸಿನವರೇ ನೆನಪಾಗುತ್ತಿದ್ದರು! ಕೈಯಲ್ಲಿ ಒಂದು ಕಡ್ಡಿ ಹಿಡಿದು ನೂರು ಜನರನ್ನು ಒಂದೇ ಉಸಿರಿಗೆ ತರುವ ಕೆಲಸ ಅಂತ ಅರ್ಥವಾಗಿದ್ದು ಆಮೇಲೆ.

ಹುಟ್ಟಿದ್ದು 1860ರಲ್ಲಿ, ಈಗಿನ ಚೆಕ್ ದೇಶದಲ್ಲಿರುವ ಬೊಹೀಮಿಯಾದ ಒಂದು ಹಳ್ಳಿಯಲ್ಲಿ. ಬೆಳೆದದ್ದು ಇಗ್ಲಾವ್ ಅನ್ನುವ ಊರಲ್ಲಿ. ಅಪ್ಪನದು ಸಾರಾಯಿ ಕಾಯಿಸಿ ಮಾರುವ ವ್ಯಾಪಾರ. ಮನೆಯಲ್ಲಿ 14 ಮಕ್ಕಳು ಹುಟ್ಟಿದರು, ಅರ್ಧದಷ್ಟು ಮಕ್ಕಳು ಚಿಕ್ಕಂದಿನಲ್ಲೇ ಹೋದವು. ಆ ಊರಲ್ಲಿ ಸೈನಿಕರ ಬ್ಯಾಂಡು, ಹೆಂಡದಂಗಡಿಯ ಹಾಡು, ಮನೆಯಲ್ಲಿ ಸಾವು. ಅವನ ಮೊದಲ ಸಿಂಫನಿ, ಅಂದರೆ ಇಡೀ ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿ, ಕೇಳು. ಮಕ್ಕಳ ಹಾಡೊಂದನ್ನು ಶವಯಾತ್ರೆಯ ನಡಿಗೆಗೆ ಹೊಂದಿಸಿದ್ದಾನೆ, ನಡುವೆ ಬೀದಿಯ ಬ್ಯಾಂಡು ನುಗ್ಗಿಬಿಡುತ್ತದೆ. 1889ರಲ್ಲಿ ಬುಡಾಪೆಸ್ಟ್‌ನಲ್ಲಿ ಮೊದಲ ಸಲ ನುಡಿಸಿದಾಗ ಜನಕ್ಕೆ ಹಿಡಿಸಲಿಲ್ಲ. ಅವರಿಗೆ ನಗಬೇಕೋ ಅಳಬೇಕೋ ತಿಳಿದಿರಲಿಕ್ಕಿಲ್ಲ.

ಹೊಟ್ಟೆಪಾಡು ಮಾತ್ರ ಕಡ್ಡಿಯಿಂದಲೇ. ಕಾಸೆಲ್, ಪ್ರಾಗ್, ಲೈಪ್‌ಜಿಗ್, ಬುಡಾಪೆಸ್ಟ್, ಹ್ಯಾಂಬರ್ಗ್ ಅಂತ ಊರೂರು ಅಲೆದ. ಯಹೂದಿಗೆ ವಿಯೆನ್ನಾದ ಅರಮನೆಯ ಒಪೇರಾದಲ್ಲಿ ಆ ಹುದ್ದೆ ಸಿಗುವ ಹಾಗಿರಲಿಲ್ಲ. 1897ರ ಫೆಬ್ರವರಿಯಲ್ಲಿ ಕ್ಯಾಥೊಲಿಕ್ ಆದ, ಕೆಲಸ ಸಿಕ್ಕಿತು. ಸಿಕ್ಕ ಮೇಲೆ ತಡವಾಗಿ ಬಂದವರನ್ನು ನಡುವೆ ಒಳಗೆ ಬಿಡುತ್ತಿರಲಿಲ್ಲ, ದುಡ್ಡಿಗೆ ಚಪ್ಪಾಳೆ ತಟ್ಟುವವರಿಗೂ ತಡೆ ಹಾಕಿದ. ನಮ್ಮ ಕಚೇರಿಗಳಲ್ಲಿ ಮೃದಂಗದವರ ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಏಳುತ್ತಾರಲ್ಲ, ಅವರ ಗತಿ ಏನಾಗುತ್ತಿತ್ತೋ!

ಇನ್ನು ನಿನ್ನ ಟೈಮಿನ ವಿಷಯ. ವರ್ಷವಿಡೀ ಒಪೇರಾದ ಕೆಲಸ. ಸ್ವಂತ ಸಂಗೀತ ಬರೆಯಲು ಅವನಿಗೆ ಸಿಗುತ್ತಿದ್ದದ್ದು ಬೇಸಿಗೆಯ ರಜೆ ಮಾತ್ರ. ಆಸ್ಟ್ರಿಯಾದ ದಕ್ಷಿಣದ ಮೈಯರ್ನಿಗ್ ಅನ್ನುವಲ್ಲಿ, ಕೆರೆಯ ಮೇಲಿನ ಕಾಡಿನಲ್ಲಿ, ಒಂದೇ ಕೋಣೆಯ ಗುಡಿಸಲು. ಒಂದು ಪಿಯಾನೊ, ಒಂದಿಷ್ಟು ಪುಸ್ತಕ. ಬೆಳಗಿನ ತಿಂಡಿ ತರುವವಳು ಎದುರಿಗೆ ಸಿಗಬಾರದು ಅಂತ ಅವಳಿಗೆ ಬೇರೆ ದಾರಿ. 5ರಿಂದ 8ರವರೆಗಿನ ಸಿಂಫನಿಗಳು ಅಲ್ಲಿ ಹುಟ್ಟಿದವು.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು ಅಲ್ವಾ? ಆದರೆ ಆ ತಿಂಡಿಯ ದಾರಿ ನನ್ನನ್ನು ಬಿಡಲಿಲ್ಲ. ಅವನ ಆ ಮೌನಕ್ಕಾಗಿ ಮನೆಯವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಅವನ ಹೆಂಡತಿ ಆಲ್ಮಾ ಕೂಡ ಸಂಗೀತ ರಚಿಸುತ್ತಿದ್ದಳು. ಮದುವೆಗೆ ಮುಂಚೆ, 1901ರ ಡಿಸೆಂಬರ್‌ನಲ್ಲಿ, ಡ್ರೆಸ್ಡನ್‌ನಿಂದ ಅವಳಿಗೆ ಉದ್ದನೆಯ ಪತ್ರ ಬರೆದ. ಮನೆಗೆ ಒಬ್ಬ ರಚನಕಾರ ಸಾಕು, ನೀನು ಬಿಟ್ಟುಬಿಡು ಅನ್ನುವುದು ಅದರ ತಾತ್ಪರ್ಯ. ಅವಳು ಬಿಟ್ಟಳು. ಇದನ್ನು ಓದಿದ ರಾತ್ರಿ ಅವನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಒಂಬತ್ತು ವರ್ಷ ಕಳೆದು, 1910ರಲ್ಲಿ, ಅವಳ ಮನಸ್ಸು ಇನ್ನೊಬ್ಬನ ಕಡೆ ಹೋಗಿದೆ ಅಂತ ತಿಳಿದ ಮೇಲೆ ಅವಳ ಹಾಡುಗಳನ್ನು ತೆಗೆದು ನೋಡಿದ. ಎಷ್ಟು ಚೆನ್ನಾಗಿವೆ ಅಂತ ಆಗ ಗೊತ್ತಾಯಿತು! ಐದನ್ನು ಅಚ್ಚು ಹಾಕಿಸಿದ. ಅದೇ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಸಾವಿರದಷ್ಟು ಜನರನ್ನು ಸೇರಿಸಿ 8ನೇ ಸಿಂಫನಿ ನಡೆಸಿದ. ಅದನ್ನು ಅರ್ಪಿಸಿದ್ದೂ ಅವಳಿಗೇ. ಮರುವರ್ಷ ಮೇ 18ಕ್ಕೆ ತೀರಿಕೊಂಡ. 50 ವರ್ಷ ಅಷ್ಟೇ.

ನನ್ನ ಕೋಪ ಬರೀ ಅವನ ಮೇಲಲ್ಲ ಅಂತ ಬೆಳಿಗ್ಗೆ ಹೊಳೆಯಿತು. ನಿಮ್ಮಪ್ಪ ನನಗೆ ವೀಣೆ ಬೇಡ ಅಂತ ಒಂದು ದಿನವೂ ಹೇಳಿದವರಲ್ಲ. ನುಡಿಸು ಅಂತಲೂ ಯಾರೂ ಹೇಳಲಿಲ್ಲ. ಬ್ಯಾಂಕು, ಅಡುಗೆ, ನಿನ್ನ ಪರೀಕ್ಷೆ. ಅದು ಹಾಗೇ ಮೂಲೆ ಸೇರಿತು. ನನಗೆ ಅಂಥ ಪತ್ರ ಬರೆದವರು ಯಾರೂ ಇಲ್ಲ ಪುಟ್ಟಿ, ನಾನೇ ಬರೆದುಕೊಂಡೆ.

ಬಿಡುವಾದಾಗ 38ನೇ ನಂಬರಿನ ಟ್ರ್ಯಾಮ್ ಹತ್ತಿ ಗ್ರಿನ್‌ಜಿಂಗ್‌ಗೆ ಹೋಗಿ ಬಾ. ಮಾಲರ್ ಅಲ್ಲಿನ ಸ್ಮಶಾನದಲ್ಲಿದ್ದಾನೆ. ಕಲ್ಲಿನ ಮೇಲೆ ಹೆಸರು ಬಿಟ್ಟರೆ ಇನ್ನೇನೂ ಇಲ್ಲ. 1907ರಲ್ಲಿ ನಾಲ್ಕು ವರ್ಷಕ್ಕೇ ಹೋದ ಅವನ ದೊಡ್ಡ ಮಗಳೂ ಅಲ್ಲೇ ಇದ್ದಾಳೆ. ಒಂದು ಹೂವು ಇಟ್ಟು ಬಾ, ಮಗುವಿಗೆ.

ಅಂದ ಹಾಗೆ, ವೀಣೆಯ ಮೇಣ ಒಣಗಿ ಬಿರುಕು ಬಿಟ್ಟಿದೆ. ಹೊಸ ಮೇಣ ಹಾಕಿ ಮೆಟ್ಟಿಲು ಕೂರಿಸಿ ಮೇಳ ಕಟ್ಟುವವರಿಗೆ ಫೋನ್ ಮಾಡಿದ್ದೆ. ಗುರುವಾರ ಬರುತ್ತಾರಂತೆ.

ಇಂತಿ,
ನಿನ್ನ ಅಮ್ಮ